ನಂಜನಗೂಡು ಲೈನಿನ ಸದ್ದು

ನನ್ನ ಎಡಗಿವಿ ಹೇಗೆ ಹೋಯಿತು ಎಂದು ಯಾರಾದರೂ ಕೇಳಿದರೆ, "ಚಿಕ್ಕಂದಿನಲ್ಲಿ ಜ್ವರ ಬಂದಿತ್ತು" ಎಂದು ಹೇಳಿ ಮುಗಿಸಿಬಿಡುತ್ತಿದ್ದೆ. ನಿಜ ಹೇಳಬೇಕೆಂದರೆ ಟ್ರಂಕ್ ಬೋರ್ಡ್ ಅಂದರೇನು, ಲೈನಿನೊಳಗಿನ ಸದ್ದು ಅಂದರೇನು ಎಂಬಲ್ಲಿಂದ ಶುರುಮಾಡಬೇಕಿತ್ತು. ಅಷ್ಟು ತಾಳ್ಮೆ ಕೇಳುವವರಿಗೂ ಇರುತ್ತಿರಲಿಲ್ಲ, ನನಗೂ ಇರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಮೈಸೂರಿನಲ್ಲಿ ನಾನು ಟೆಲಿಫೋನ್ ಆಪರೇಟರ್ ಆಗಿದ್ದೆ. ನಮ್ಮದು ಕಡಕೊಳದ ಕಡೆಯ ಒಕ್ಕಲು ಮನೆತನ. ಅಪ್ಪ ಊರು ಬಿಟ್ಟು ಬಂದು ಲಷ್ಕರ್ ಮೊಹಲ್ಲಾದಲ್ಲಿ ಹಗ್ಗ, ಗೋಣಿಚೀಲದ ಅಂಗಡಿ ಇಟ್ಟಿದ್ದರು. ಅಂಗಡಿಯ ಹಿಂದೆಯೇ ಮನೆ. ನಮ್ಮ ವಂಶದಲ್ಲಿ ನೌಕರಿಗೆ ಹೋದ ಮೊದಲ ಹೆಂಗಸು ನಾನೇ. ಅವ್ವನಿಗೆ ಅದರಿಂದ ಹೆಮ್ಮೆಯೂ ಇತ್ತು, ಹೆದರಿಕೆಯೂ ಇತ್ತು. "ಮುಖ ಕಾಣದೋರ ಜೊತೆ ದಿನಾ ಮಾತಾಡ್ತೀಯಲ್ಲ ಕಣವ್ವ, ಎಂಗೆ ನಂಬ್ತೀಯ?" ಎನ್ನುತ್ತಿದ್ದಳು. ಅವಳ ಹೆದರಿಕೆಯೆಲ್ಲ ತಂತಿಯ ಆ ತುದಿಯಲ್ಲಿದ್ದ ಮನುಷ್ಯರ ಬಗ್ಗೆ. ತಂತಿಯ ಬಗ್ಗೆ ಹೆದರಬೇಕೆಂದು ನಮಗಾರಿಗೂ ಗೊತ್ತಿರಲಿಲ್ಲ.

ಬೇರೆ ಊರಿಗೆ ಮಾತಾಡುವವರಿಗೆ ಸಂಪರ್ಕ ಕೊಡುವ ಟ್ರಂಕ್ ಬೋರ್ಡಿನಲ್ಲಿ ನನ್ನ ಜಾಗ. ಎದೆಯ ಮೇಲೆ ಮಾತಾಡುವ ಕೊಳವೆ, ಎಡಗಿವಿಗೆ ಒತ್ತಿಕೂತ ಹೆಡ್‌ಸೆಟ್. ಎದುರಿನ ತೂತಿಗೆ ಪ್ಲಗ್ ಚುಚ್ಚಿದೊಡನೆ, ಯಾರ ದನಿಯೂ ಬರುವ ಮೊದಲು, ಖಾಲಿ ಲೈನಿನ ಸದ್ದು ಕೇಳಿಸುತ್ತದೆ. ಬಾಣಲೆಯಲ್ಲಿ ಸಾಸಿವೆ ಸಿಡಿದು ಮುಗಿದಮೇಲೆ ಎಣ್ಣೆ ಸಣ್ಣಗೆ ಸುಯ್ಗುಟ್ಟುತ್ತದಲ್ಲ, ಅಂಥದು. ಒಂದೊಂದು ಲೈನಿಗೆ ಒಂದೊಂದು ಬಗೆ. ಬೆಂಗಳೂರಿನದು ನಯ, ಮಡಿಕೇರಿಯದು ಒರಟು. ಕೆಲಸಕ್ಕೆ ಸೇರಿ ಸ್ವಲ್ಪ ದಿನವಾಗುವಷ್ಟರಲ್ಲಿ ಆ ಸದ್ದು ಕಿವಿಗೆ ಬೀಳುವುದೇ ನಿಂತುಹೋಗುತ್ತದೆ.

ಆ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ನಂಜನಗೂಡು ಲೈನಿನ ಸದ್ದು ಮತ್ತೆ ನನ್ನ ಕಿವಿಗೆ ಬೀಳತೊಡಗಿತು. ಸುಯ್ ಎನ್ನುವುದರ ನಡುವೆ ಒಣಗಿದ ತರಗೆಲೆ ತುಳಿದಂತೆ ಕರಕರ. ಒಂದು ಸಲ ಬಂದು ಹೋಗಿಬಿಡುತ್ತಿತ್ತು, ಮತ್ತೆ ಯಾವಾಗ ಬರುತ್ತದೋ ಹೇಳಲಾಗುತ್ತಿರಲಿಲ್ಲ. ಮಾತಾಡುವವರು ಗೊಣಗಿದರೆ "ಲೈನ್ ಹಾಗೇ ಸಾರ್" ಎನ್ನುತ್ತಿದ್ದೆ. ಆದರೂ ಆ ತೂತಿಗೆ ಪ್ಲಗ್ ಚುಚ್ಚುವಾಗ ಮಾತ್ರ ಕೈ ಒಂದು ಕ್ಷಣ ತಡೆಯುತ್ತಿತ್ತು.

ನಮ್ಮ ಸೂಪರ್‌ವೈಸರ್ ಮೇಡಂಗೆ ಹೇಳಿದೆ. ಅವರು ಹೊಸದಾಗಿ ಬಂದಿದ್ದ ಎಂಜಿನಿಯರಿಗೆ ಹೇಳಿದರು. ಇನ್ನೂ ಮೂವತ್ತು ತುಂಬದ ಮನುಷ್ಯ, ತೆಳ್ಳಗೆ, ಸದಾ ಅರೆತೋಳಿನ ಬಿಳಿ ಅಂಗಿ. ಬಂದವರೇ ನನ್ನ ಪಕ್ಕದಲ್ಲಿ ನಿಂತು, ಇನ್ನೊಂದು ಹೆಡ್‌ಸೆಟ್ ಕಿವಿಗಿಟ್ಟುಕೊಂಡು, ಬಹಳ ಹೊತ್ತು ಕಣ್ಣು ಮುಚ್ಚಿ ಕೇಳಿದರು.

"ಇದರಲ್ಲಿ ಎರಡು ಸದ್ದಿದೆ," ಎಂದರು. "ಸುಯ್ ಅನ್ನೋದು ತಂತಿದು, ಮೆಷಿನಿಂದು, ಬಿಸಿಲಿಂದು. ಅದು ಎಂದೂ ಹೋಗೋದಿಲ್ಲ. ಲೈನಿಗೆ ಜೀವ ಇರೋವರೆಗೂ ಇರುತ್ತೆ. ಕರಕರ ಅನ್ನೋದು ಬೇರೆ ಎಲ್ಲಿಂದಲೋ ಬರ್ತಾ ಇದೆ."

"ಎಲ್ಲಿಂದ ಸಾರ್?"

"ಅದೇ ಗೊತ್ತಾಗಬೇಕು."

ಮಾರನೆಯ ದಿನ ಸದ್ದಿನ ಮಟ್ಟ ತೋರಿಸುವ ಒಂದು ಮೀಟರನ್ನು ತಂದು ನನ್ನ ಬೋರ್ಡಿನ ಮೇಲಿಟ್ಟರು. ಅದರ ಮುಳ್ಳು ಸುಮ್ಮನೆ ಒಂದು ಕಡೆ ನಿಲ್ಲುತ್ತಲೇ ಇರಲಿಲ್ಲ, ಸದಾ ನಡುಗುತ್ತಿತ್ತು. "ಇದನ್ನು ನೋಡಿ ಏನು ತಿಳೀಬೇಕು ಸಾರ್?" ಎಂದು ಕೇಳಿದೆ.

ಅವರಿಗೆ ವಿವರಿಸುವುದೆಂದರೆ ಪ್ರೀತಿ. "ಸಂತೆ ಗದ್ದಲ ಕೇಳಿದ್ದೀರಲ್ಲ? ಮುಂದಿನ ಕೂಗು ಯಾರದು ಅಂತ ಹೇಳಕ್ಕಾಗಲ್ಲ. ಆದರೆ ಒಟ್ಟು ಗದ್ದಲ ಎಷ್ಟಿರುತ್ತೆ ಅಂತ ಹೇಳಬಹುದು. ಇದೂ ಹಾಗೇ. ಈ ಕ್ಷಣ ಮುಳ್ಳು ಎಲ್ಲಿರುತ್ತೆ ಅಂತ ನಾನೂ ಹೇಳಲಾರೆ. ಬಹಳ ಹೊತ್ತು ನೋಡಿದರೆ ಯಾವುದರ ಸುತ್ತ ನಡುಗ್ತಾ ಇದೆ ಅಂತ ಗೊತ್ತಾಗುತ್ತೆ. ಅದು ಇದ್ದಲ್ಲೇ ಇದ್ದರೆ ಚಿಂತೆ ಇಲ್ಲ."

"ಇಲ್ಲದಿದ್ದರೆ?"

"ಆ ಜಾಗವೇ ಮೇಲೆ ಹೋಗ್ತಾ ಇದ್ದರೆ ಯಾವುದೋ ಅದನ್ನು ತಳ್ತಾ ಇದೆ ಅಂತ ಅರ್ಥ."

ಆ ಮಾತು ಕೇಳಿದಮೇಲೆ ನನಗೆ ನೆಮ್ಮದಿ ಹೋಯಿತು. ಬೆಳಿಗ್ಗೆ ಕೆಲಸಕ್ಕೆ ಬಂದೊಡನೆ ಮೊದಲು ಮುಳ್ಳನ್ನು ನೋಡುತ್ತಿದ್ದೆ. ಅದು ಮೇಲೆ ಹೋಗುತ್ತಿತ್ತು. ಒಂದು ದಿನ ಸ್ವಲ್ಪ ಇಳಿದಂತೆ ಕಂಡರೆ ನಾವಿಬ್ಬರೂ ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಎರಡು ದಿನ ಬಿಟ್ಟು ಅದು ಹಿಂದಿಗಿಂತ ಮೇಲಿರುತ್ತಿತ್ತು. ಇಳಿದದ್ದನ್ನು ನಂಬಬಾರದು ಎಂದು ನಾನು ಕಲಿತದ್ದು ಆಗಲೇ.

ಮೊದಲು ಎಂಜಿನಿಯರು ಕಂಬಗಳ ಮೇಲೆ ತಂತಿ ಕಟ್ಟುವ ಪಿಂಗಾಣಿ ಬಟ್ಟಲುಗಳಲ್ಲಿ ದೂಳು ಕೂತಿರಬೇಕೆಂದು ಅಂದುಕೊಂಡರು. ಅಶೋಕಪುರಂ ದಾಟಿ ಹೋಗುವ ಕಂಬಗಳ ಬಟ್ಟಲುಗಳನ್ನೆಲ್ಲ ಒರೆಸಿಸಿದರು, ಬಿರುಕು ಬಿಟ್ಟವನ್ನು ಬದಲಿಸಿದರು. ಸುಯ್ ಎನ್ನುವುದು ತುಸು ತಗ್ಗಿತು. ಕರಕರ ತಗ್ಗಲಿಲ್ಲ. ಹಿಂದೆ ಒಂಟಿಯಾಗಿ ಬರುತ್ತಿದ್ದದ್ದು ಈಗ ಗುಂಪುಗುಂಪಾಗಿ ಬರತೊಡಗಿತು. ಒಮ್ಮೊಮ್ಮೆ ಅದರ ಬೆನ್ನಿಗೇ ದುಂಬಿ ಗುಂಯ್‌ಗುಟ್ಟಿದ ಹಾಗೆ ಇನ್ನೊಂದು ದನಿ ಎದ್ದು ಆರುತ್ತಿತ್ತು. ಆ ಗುಂಯ್ ಕೇಳಿದ ದಿನ ಎಂಜಿನಿಯರ ಮುಖದ ಬಣ್ಣ ಬದಲಾಯಿತು.

"ಇದು ಕರೆಂಟಿನ ದನಿ," ಎಂದರು. "ನಮ್ಮ ತಂತಿ ಹತ್ತಿರ ಯಾವುದೋ ದೊಡ್ಡ ಲೈನ್ ಇದೆ. ಇರಬೇಕಾದ್ದಕ್ಕಿಂತ ಹತ್ತಿರ ಬರ್ತಾ ಇದೆ."

ಕರಕರದ ಗುಂಪು ಯಾವಾಗ ಬರುತ್ತದೆ ಎಂಬುದು ತಿಳಿದದ್ದು ಆ ತುದಿಯ ಆಪರೇಟರಿಂದ. ನಂಜನಗೂಡಿನ ಬೋರ್ಡಿನಲ್ಲಿ ಕೂರುತ್ತಿದ್ದವರು ವಯಸ್ಸಾದ ಒಬ್ಬ ಗೃಹಸ್ಥರು. ಅವತ್ತು ಕರಕರ ಜೋರಾದಾಗ, "ತಡೀರಮ್ಮ, ಕಿಟಕಿ ಮುಚ್ಚಿ ಬರ್ತೀನಿ, ಏನು ಗಾಳಿ ಏನು ಗಾಳಿ" ಎಂದರು. ಮೈಸೂರಿನಲ್ಲಿ ಆಗ ಎಲೆ ಅಲುಗುತ್ತಿರಲಿಲ್ಲ. ನಾನು ಎಂಜಿನಿಯರಿಗೆ ಹೇಳಿ ಕಳಿಸಿದೆ. ಅವರು ಬಂದು ನಿಂತು, ಅದೇ ಆಪರೇಟರನ್ನು ಗಾಳಿಯ ಬಗ್ಗೆ ಮತ್ತೆ ಮತ್ತೆ ಕೇಳಿದರು. ಗಾಳಿ ಎದ್ದಾಗ ಸದ್ದು ಏಳುತ್ತಿತ್ತು. ಗಾಳಿ ಬಿದ್ದಾಗ ಬೀಳುತ್ತಿತ್ತು. ಅಷ್ಟು ದಿನ ಗೊತ್ತುಗುರಿಯಿಲ್ಲದ್ದು ಎಂದುಕೊಂಡಿದ್ದಕ್ಕೆ ಒಂದು ಕಾರಣವಿತ್ತು. ಕಾರಣ ತಿಳಿದರೆ ಭಯ ಕಡಮೆಯಾಗುತ್ತದೆ ಎನ್ನುತ್ತಾರೆ. ನನಗೆ ಆಗಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಅವರು ಒಬ್ಬ ಲೈನ್‌ಮನ್ನನ್ನು ಕರೆದುಕೊಂಡು ಜೀಪಿನಲ್ಲಿ ಹೊರಟರು. ಹೊರಡುವ ಮೊದಲು ನನ್ನ ಹತ್ತಿರ ಬಂದರು. "ಅಲ್ಲಲ್ಲಿ ಕಂಬ ಹತ್ತಿ, ತಂತಿಗೆ ಫೋನ್ ಸಿಕ್ಕಿಸಿ ನಿಮಗೆ ಮಾಡ್ತೀನಿ. ಸದ್ದು ಎಲ್ಲಿ ಜಾಸ್ತಿ ಅಂತ ಹೇಳ್ತಾ ಹೋಗಿ. ಬೇರೆ ಕಾಲ್ ಯಾವುದೂ ಈ ಲೈನಿಗೆ ಹಾಕಬೇಡಿ."

ಸೂಪರ್‌ವೈಸರ್ ಮೇಡಂ ನನ್ನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತರು. ಮೊದಲ ಕರೆ ಊರಿನಂಚಿನಿಂದ ಬಂತು.

"ಹೇಗಿದೆ?"

"ಸಣ್ಣಗಿದೆ ಸಾರ್."

ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು. "ಈಗ?"

"ಹಾಗೇ ಇದೆ."

ಹೀಗೇ ನಡೆಯಿತು. ಒಂದೊಂದು ಕರೆಗೂ ಅವರ ದನಿಯ ಹಿಂದೆ ಗಾಳಿ ಹೆಚ್ಚುತ್ತಿತ್ತು. ಕಡಕೊಳದ ಹತ್ತಿರ ಬಂದಾಗ ನಾನು "ಸಾರ್, ಜಾಸ್ತಿ, ಬಹಳ ಜಾಸ್ತಿ" ಎಂದು ಕೂಗಬೇಕಾಯಿತು. ಮುಳ್ಳು ಕೊನೆಗೆ ಹೋಗಿ ಬಡಿಯುತ್ತಿತ್ತು.

"ಸಿಕ್ಕಿತು," ಎಂದರು ಅವರು. ಆ ದನಿ ಈಗಲೂ ನೆನಪಿದೆ. ಗೆದ್ದ ಮನುಷ್ಯನ ದನಿಯಾಗಿರಲಿಲ್ಲ. "ಹೈಟೆನ್ಷನ್ ಲೈನ್ ಇಲ್ಲಿ ನಮ್ಮ ತಂತಿ ಮೇಲೆ ಅಡ್ಡ ಹೋಗುತ್ತೆ. ಒಂದು ತಂತಿ ಜೋತುಬಿದ್ದಿದೆ. ಅದು ಬಿದ್ದರೆ ಹಿಡಿಯಲಿ ಅಂತ ನಡುವೆ ಕಾವಲು ತಂತಿ ಕಟ್ಟಿರ್ತಾರೆ. ಅದು ಒಂದು ಕಡೆ ಕಿತ್ತು ನೇತಾಡ್ತಾ ಇದೆ. ಗಾಳಿ ಬಂದಾಗ ಮೇಲಕ್ಕೂ ತಗಲ್ತಾ ಇದೆ, ನಮ್ಮದಕ್ಕೂ… ನೋಡಿ, ನಾನು ಈಗಲೇ ಕೆಳಗೆ ಇಳೀತೀನಿ. ನೀವು ಪ್ಲಗ್—"

ಅಲ್ಲಿಗೆ ಮಾತು ನಿಂತಿತು.

ಮಾತಷ್ಟೇ ಅಲ್ಲ. ಕರಕರ ನಿಂತಿತು. ಗುಂಯ್ ನಿಂತಿತು. ಆ ಸುಯ್ ಕೂಡ ನಿಂತಿತು, ಜೀವ ಇರುವವರೆಗೂ ಹೋಗುವುದಿಲ್ಲ ಎಂದು ಅವರೇ ಹೇಳಿದ್ದ ಸುಯ್. ನನ್ನ ಕಿವಿಯಲ್ಲಿ ಬಾವಿಯ ತಳದಂಥ ಮೌನ. "ಸಾರ್? ಸಾರ್?" ಎಂದೆ. ಅವರಿಗೇನೋ ಆಗಿಹೋಯಿತು ಅನ್ನಿಸಿತು. ಒಂದು ಸಣ್ಣ ಉಸಿರಾದರೂ ಕೇಳಿಸೀತೇ ಎಂದು ಹೆಡ್‌ಸೆಟ್ಟನ್ನು ಅಂಗೈಯಿಂದ ಇನ್ನೂ ಗಟ್ಟಿಯಾಗಿ ಕಿವಿಗೆ ಒತ್ತಿಹಿಡಿದೆ.

ಸಿಡಿಲು ಹೊರಗಿನಿಂದ ಬಡಿಯುತ್ತದೆ. ಇದು ನನ್ನ ತಲೆಯ ಒಳಗೇ ಹುಟ್ಟಿತು. ಆಮೇಲೆ ನೆನಪಿರುವುದು ನೆಲದ ತಣ್ಣನೆಯ ಹಾಸುಗಲ್ಲು, ಸುಟ್ಟ ಅರಗಿನ ವಾಸನೆ, ನನ್ನ ಮೇಲೆ ಬಗ್ಗಿದ ಮೇಡಂ ಬಾಯಿ. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಏನೂ ಕೇಳಿಸಲಿಲ್ಲ.

ಆಸ್ಪತ್ರೆಯಲ್ಲಿ ಬಲಗಿವಿ ಮೆಲ್ಲಗೆ ತೆರೆದುಕೊಂಡಿತು. ಎಡಗಿವಿಯಲ್ಲಿ ಮಾತು ಬರಲಿಲ್ಲ, ಬೇರೊಂದು ಬಂತು. ಸುಯ್ ಎನ್ನುವ ಸದ್ದು. ಅವ್ವ ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೊಂಡು, "ಏನು ಕೇಳ್ತಾ ಅದೆ ಕಂದ, ಯೋಳು" ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. "ಖಾಲಿ ಲೈನು ಕೇಳ್ತಾ ಇದೆ ಅವ್ವ" ಎಂದೆ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಎಂಜಿನಿಯರು ಬದುಕಿದ್ದಾರೆ ಎಂದು ಮೇಡಂ ಹೇಳಿದಾಗ ನಾನು ನಂಬಲಿಲ್ಲ. ಮನೆಗೆ ಬಂದಮೇಲೆ ಒಂದು ಸಂಜೆ ಅವರೇ ಅಂಗಡಿಯ ಮುಂದೆ ಬಂದು ನಿಂತರು. ಬಲಗೈಗೆ ಬೆರಳತುದಿಯವರೆಗೆ ಬ್ಯಾಂಡೇಜು. ಅಪ್ಪ ಗೋಣಿಚೀಲದ ಕಟ್ಟು ಸರಿಸಿ ಜಾಗ ಮಾಡಿಕೊಟ್ಟರು. ಅವರು ನನ್ನ ಬಲಗಡೆಗೆ ಬಂದು ಕೂತು, ನಡೆದದ್ದನ್ನು ಹೇಳಿದರು. ಕಾವಲು ತಂತಿ ಪೂರಾ ಕಿತ್ತು ನಮ್ಮ ಎರಡು ತಂತಿಗಳ ಮೇಲೆ ಅಡ್ಡ ಬಿತ್ತಂತೆ. ಎರಡೂ ಒಂದಕ್ಕೊಂದು ತಗಲಿದರೆ ದನಿ ಮುಂದೆ ಬರುವುದಿಲ್ಲ, ಅದಕ್ಕೇ ಆ ಮೌನ. ಅವರು "ಪ್ಲಗ್ ಕೀಳಿ" ಎಂದು ಅರಚಿದ್ದು ನನ್ನನ್ನು ತಲುಪಲಿಲ್ಲ. ಹಿಂದೆಯೇ ದೊಡ್ಡ ತಂತಿ ಕಳಚಿ ನಮ್ಮ ತಂತಿಯ ಮೇಲೇ ಬಿತ್ತು. ಕೆಳಗಿದ್ದ ಲೈನ್‌ಮನ್ "ಎಸೀರಿ ಸಾಮಿ, ಎಸ್ದುಬುಡಿ" ಎಂದು ಕೂಗಿದ್ದಕ್ಕೆ ಕೈಯಲ್ಲಿದ್ದ ಫೋನನ್ನು ಬಿಸಾಡಿ ಕಂಬದಿಂದ ಧುಮುಕಿದರು. ಬಿಡುವ ಕ್ಷಣದಲ್ಲೇ ಅಂಗೈ ಸುಟ್ಟಿತ್ತು.

ಅವ್ವ ಬಾಗಿಲಲ್ಲಿ ನಿಂತಿದ್ದಳು. "ಒಂದು ತಿಂಗಳಿಂದ ಕೇಳ್ತಾ ಇದ್ರಂತಲ್ಲ ಸ್ವಾಮಿ," ಎಂದಳು. "ಅದು ಅಷ್ಟು ದಿನ ಬಡ್ಕೊಂಡ್ರೂ ತಿಳೀಲಿಲ್ವ ನಿಮ್ಗೆ?"

"ತಿಳೀತಮ್ಮ," ಎಂದರು ಅವರು. "ತಿಳಿಯೋಷ್ಟು ಹೊತ್ತು ಅದು ಕಾಯಲಿಲ್ಲ."

ಅವ್ವ ಒಳಗೆ ಹೋಗಿ ಅವರಿಗೆ ಮಜ್ಜಿಗೆ ತಂದುಕೊಟ್ಟಳು. ಅವರಿಗೆ ಬಲಗೈಯಲ್ಲಿ ಲೋಟ ಹಿಡಿಯಲಾಗಲಿಲ್ಲ. ಎಡಗೈಯಿಂದ ಕುಡಿದು, ಎಲ್ಲರಿಗೂ ಕೈ ಮುಗಿಯಲು ಹೋಗಿ, ಆಗದೆ ತಲೆ ಬಾಗಿಸಿ ಹೋದರು. ಆ ವರ್ಷವೇ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಆಮೇಲೆ ನಾನು ಅವರನ್ನು ನೋಡಿಲ್ಲ.

ಮಳೆಗಾಲದಲ್ಲಿ ನಾನು ಮತ್ತೆ ಕೆಲಸಕ್ಕೆ ಹೋದೆ. ಅಪ್ಪ ಬೇಡವೆಂದರು, ನಾನು ಹಟ ಹಿಡಿದೆ. ಕಡಕೊಳದ ಆ ಜಾಗದಲ್ಲಿ ಕಂಬಗಳನ್ನು ದೂರ ಸರಿಸಿದ್ದರು, ಲೈನು ಹೊಸದರಂತಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಹೆಡ್‌ಸೆಟ್ಟನ್ನು ಬಲಗಿವಿಗೆ ತಿರುಗಿಸಿ ಹಾಕಿಕೊಂಡೆ. ಬೆಂಗಳೂರು ಕೊಟ್ಟೆ, ಮಡಿಕೇರಿ ಕೊಟ್ಟೆ. ಮಾತುಗಳೆಲ್ಲ ಸ್ವಚ್ಛವಾಗಿ ಕೇಳುತ್ತಿದ್ದವು. ಆದರೆ ಪ್ಲಗ್ ಚುಚ್ಚಿ, ಯಾರೂ ಮಾತಾಡುವ ಮೊದಲು ಬರುವ ಆ ಒಂದು ಗಳಿಗೆಯಲ್ಲಿ ನನಗೆ ಬೆವರು ಒಡೆಯುತ್ತಿತ್ತು. ಸುಯ್ ಎನ್ನುವುದು ಲೈನಿನಲ್ಲಿದೆಯೋ ನನ್ನ ತಲೆಯಲ್ಲಿದೆಯೋ ಗೊತ್ತಾಗುತ್ತಿರಲಿಲ್ಲ. ಲೈನು ಸತ್ತಿದ್ದರೂ ನನಗೆ ಜೀವಂತವಾಗಿಯೇ ಕೇಳಿಸುತ್ತಿತ್ತು. ಪಕ್ಕದ ಹುಡುಗಿಗೆ ಹೆಡ್‌ಸೆಟ್ ಕೊಟ್ಟು, "ಇದರಲ್ಲಿ ಸದ್ದಿದೆಯಾ ನೋಡೇ" ಎಂದು ದಿನಕ್ಕೆ ಹಲವು ಸಲ ಕೇಳುತ್ತಿದ್ದೆ. ಅವಳು ಮೊದಮೊದಲು ಕೇಳಿ ಹೇಳುತ್ತಿದ್ದಳು. ಬರಬರುತ್ತಾ ಕಿವಿಗಿಡದೆಯೇ "ಇದೆ ಕಣೇ, ಇದೆ" ಎನ್ನತೊಡಗಿದಳು.

ಅದನ್ನು ಕಂಡ ದಿನ ನಾನು ಎದ್ದು ಮೇಡಂ ಮೇಜಿನ ಮುಂದೆ ನಿಂತೆ. "ನನಗೆ ಈ ಬೋರ್ಡ್ ಬೇಡ ಮೇಡಂ. ಎಲ್ಲಿಗಾದರೂ ಹಾಕಿ."

ಅವರು ಕೆಳಗಿನ ಅಂತಸ್ತಿನಲ್ಲಿ, ಜನ ಎದುರಿಗೆ ಬಂದು ದೂರು ಹೇಳುವ ಕಿಟಕಿಯಲ್ಲಿ ನನ್ನನ್ನು ಕೂರಿಸಿದರು. ಅಲ್ಲಿ ಮುಖ ಕಾಣುತ್ತಿತ್ತು, ತುಟಿ ಆಡುವುದು ಕಾಣುತ್ತಿತ್ತು. ನನ್ನ ಸರ್ವೀಸ್ ಅಲ್ಲಿಯೇ ಮುಗಿಯಿತು. ಬಿರುಗಾಳಿ ಏಳುವ ತಿಂಗಳು ಬಂದಾಗ ಮಾತ್ರ ನಾನು ಬೋರ್ಡಿದ್ದ ಮೇಲಿನ ಕೋಣೆಗೆ ಮೆಟ್ಟಿಲು ಹತ್ತುತ್ತಿರಲಿಲ್ಲ. ಊಟದ ಬಿಡುವಿನಲ್ಲಿ ಅಲ್ಲಿಯ ಹುಡುಗಿಯರೇ ಬುತ್ತಿ ಹಿಡಿದು ಕೆಳಗೆ ಬರುತ್ತಿದ್ದರು. ಅವರಲ್ಲಿ ಯಾರಾದರೂ ತಡವಾಗಿ ಬಂದರೆ, ಬರುವವರೆಗೂ ನನಗೆ ತುತ್ತು ಇಳಿಯುತ್ತಿರಲಿಲ್ಲ.