ಅಪ್ಪ ಗೊತ್ತುಮಾಡಿದ ಲಾಡ್ಜು

ಬೆಂಗಳೂರಿನಿಂದ ಇಂಟರ್‌ವ್ಯೂ ಪತ್ರ ಬಂದ ದಿನ ನಾನು ಬ್ಯಾಡಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಣಿದೇಬಿಟ್ಟೆ. ಎಂಬತ್ತರ ದಶಕದ ಕೊನೆಯ ಮಾತಿದು. ಹಾವೇರಿಯಲ್ಲಿ ಡಿಗ್ರಿ ಮುಗಿಸಿ ಟೈಪಿಂಗ್ ಕಲಿತಿದ್ದೆ. ಹುಬ್ಬಳ್ಳಿಗಿಂತ ದೊಡ್ಡ ಊರನ್ನು ನೋಡಿರಲಿಲ್ಲ. ಅಪ್ಪ ಪತ್ರವನ್ನು ಎರಡು ಸಲ ಓದಿ, ಮಡಚಿ ತಮ್ಮ ಜೇಬಿಗೇ ಇಟ್ಟುಕೊಂಡರು.

"ಇಳಕೊಳ್ಳಾಕ ಒಂದು ಚಲೋ ಜಾಗಾ ಸಿಗಲಿ, ಆಮ್ಯಾಲ ನೋಡೋಣು. ಸಿಗಲಿಲ್ಲಂದ್ರ ಹೋಗೂದು ಬ್ಯಾಡ."

ಬೆಂಗಳೂರಿನಲ್ಲಿ ನಮಗೆ ನೆಂಟರಿಷ್ಟರು ಯಾರೂ ಇರಲಿಲ್ಲ. ಅಪ್ಪ ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರು. ಸುಗ್ಗಿಯ ದಿನಗಳಾದ್ದರಿಂದ ಅವರಿಗೆ ರಜೆಯ ಮಾತೇ ಇರಲಿಲ್ಲ. ನನ್ನ ಜೊತೆ ಬರಬಹುದಾದವಳು ಅವ್ವ ಒಬ್ಬಳೇ. ಅಂದರೆ ನನ್ನ ಇಡೀ ಭವಿಷ್ಯ ಒಂದು ಲಾಡ್ಜಿನ ಮೇಲೆ ನಿಂತಿತ್ತು.

ಅಪ್ಪ ಲಾಡ್ಜು ಹುಡುಕಿದ್ದು ಥೇಟ್ ವರ ಹುಡುಕಿದ ಹಾಗೆ. ಪೇಟೆಯಿಂದ ಬೆಂಗಳೂರಿಗೆ ಮಾಲು ಕಳಿಸುವ ವ್ಯಾಪಾರಿಯೊಬ್ಬರನ್ನು ಮೊದಲು ಕೇಳಿದರು. ಅವರು ಹೇಳಿದ್ದು ಮಾರುಕಟ್ಟೆಯ ಹತ್ತಿರದ್ದು. ಬಾಡಿಗೆ ಕಡಿಮೆ, ಆದರೆ ನೀರು ಕೆಳಗಿನಿಂದ ಹೊತ್ತುಕೊಂಡು ಹೋಗಬೇಕು. ಹಾವೇರಿಯ ವಕೀಲರೊಬ್ಬರು ಹೈಕೋರ್ಟಿಗೆ ಹೋದಾಗ ಇಳಿಯುತ್ತಿದ್ದ ಜಾಗದ ಬಾಡಿಗೆ ಕೇಳಿ ಅಪ್ಪ ಅಲ್ಲಿಂದ ಚಹಾ ಕುಡಿಯದೆ ಎದ್ದು ಬಂದರು. ಕೊನೆಗೆ ರಾಣೆಬೆನ್ನೂರಿನ ಬೀಜದ ವ್ಯಾಪಾರಿಯೊಬ್ಬರು ಮೆಜೆಸ್ಟಿಕ್ ಹಿಂದಿನ ಒಂದು ಲಾಡ್ಜಿನ ವಿಳಾಸ ಕೊಟ್ಟರು. ಅಪ್ಪ ಅದಕ್ಕಾಗಿ ಎರಡು ಸಲ ರಾಣೆಬೆನ್ನೂರಿಗೆ ಬಸ್ಸು ಹತ್ತಿದರು. ಮಾಲೀಕರು ಯಾವ ಊರಿನವರು, ಕುಡಿಯುವವರು ಬಂದು ಇಳಿಯುತ್ತಾರೋ, ಬಾಗಿಲಿಗೆ ಒಳಗಿನಿಂದ ಅಗಳಿ ಗಟ್ಟಿ ಇದೆಯೋ ಎಂದು ಕೇಳಿ ಕೇಳಿ ಆ ಮನುಷ್ಯನ ತಲೆ ತಿಂದರು. ನನ್ನ ಅಕ್ಕನ ಗಂಡನ ಬಗ್ಗೆಯೂ ಇಷ್ಟು ವಿಚಾರಿಸಿರಲಿಲ್ಲವೆಂದು ಅವ್ವ ಒಳಗಿನಿಂದಲೇ ಚುಚ್ಚಿದಳು.

ಆಮೇಲೆ ಲಾಡ್ಜಿಗೆ ಜವಾಬಿನ ಕಾರ್ಡು ಬರೆದರು. ನಾನು ಬಗ್ಗಿ ನೋಡಿದೆ. "ನಾವು ಇಬ್ಬರು ಬರುತ್ತೇವೆ" ಎಂದಷ್ಟೇ ಬರೆದು ತಮ್ಮ ಸಹಿ ಹಾಕಿದ್ದರು.

"ನಾನೂ ಅವ್ವಾ ಅಂತ ಬರೀರಿ ಮತ್ತ."

"ಹೆಣ್ಮಕ್ಕಳಿಬ್ಬರ ಬರ್ತಾರಂತ ಪರ ಊರಿನವರಿಗೆ ಬರದು ತಿಳಸ್ತಾರೇನು? ಹುಚ್ಚಿ!" ಎಂದರು ಅಪ್ಪ. ನನಗೂ ಅದು ಸರಿ ಎನಿಸಿತು.

ಎಂಟು ದಿನಕ್ಕೆ ಜವಾಬು ಬಂತು: ರೂಮು ಇದೆ, ಬೆಳಿಗ್ಗೆ ಬಿಸಿನೀರು ಇದೆ. ಆ ಶನಿವಾರ ಕದರಮಂಡಲಗಿಯ ಹನುಮಪ್ಪನಿಗೆ ಕಾಯಿ ಒಡೆಸಿ ಬಂದೆವು. ರೈಲು ಹತ್ತುವ ಸಂಜೆ ನನಗೆ ಎಷ್ಟು ಖುಷಿಯಾಗಿತ್ತೆಂದರೆ ಅವ್ವ ಕಟ್ಟಿದ್ದ ರೊಟ್ಟಿ, ಶೇಂಗಾ ಚಟ್ನಿ ಗಂಟಲಲ್ಲಿ ಇಳಿಯಲೇ ಇಲ್ಲ.

ಬೆಳಿಗ್ಗೆ ಏಳೂವರೆಗೆ ಲಾಡ್ಜಿನ ಮುಂದಿದ್ದೆವು. ಹತ್ತು ಗಂಟೆಗೆ ಇಂಟರ್‌ವ್ಯೂ. ಮೈಯೆಲ್ಲ ರೈಲಿನ ಧೂಳು. ಮೇಜಿನ ಹಿಂದೆ ಕೂತಿದ್ದ ಮ್ಯಾನೇಜರ್ ನಮ್ಮ ಬೆನ್ನ ಹಿಂದೆ ಯಾರನ್ನೋ ಹುಡುಕಿದ.

"ಗಂಡಸರು ಎಲ್ಲಮ್ಮಾ?"

"ಗಂಡಸರು ಬಂದಿಲ್ರಿ. ನಾವ ಇಬ್ಬರು" ಎಂದೆ.

"ಬರೀ ಹೆಂಗಸರಿಗೆ ರೂಮ್ ಕೊಡೋಲ್ಲ. ನಾಳೆ ಪೊಲೀಸಿನವರು ಬಂದು ಕೇಳಿದ್ರೆ ನಾನೇನು ಹೇಳ್ಲಿ?"

ನಾನು ಅವರೇ ಕಳಿಸಿದ್ದ ಜವಾಬಿನ ಕಾರ್ಡು ತೆಗೆದು ಅವನ ಮುಂದೆ ಕುಕ್ಕಿದೆ. ಅವನು ಸಾವಕಾಶವಾಗಿ ಓದಿ ವಾಪಸು ಕೊಟ್ಟ. "ಹೆಂಗಸರೇ ಬರ್ತಾರೆ ಅಂತ ನಿಮ್ಮ ತಂದೆ ಬರೆದಿದ್ರೆ ಆಗಲೇ ಇಲ್ಲ ಅಂತಿದ್ದೆ."

ನನ್ನ ಪಿತ್ತ ನೆತ್ತಿಗೇರಿತು. ಅಗಳಿ ಎಷ್ಟು ದಪ್ಪ ಎಂದು ಕೇಳಿದ್ದ ಅಪ್ಪ, ಹೇಳಬೇಕಾದ ಒಂದನ್ನೇ ನಮ್ಮ ಕ್ಷೇಮಕ್ಕೆಂದು ಮುಚ್ಚಿಟ್ಟಿದ್ದರು. ನಾನು ಬಾಯಿಗೆ ಬಂದಂತೆ ಕೂಗಾಡಿದೆ, ಕೂಗುತ್ತಲೇ ಅಳು ಬಂತು. ಗಡಿಯಾರ ಎಂಟು ಹೊಡೆಯಿತು.

ಅವ್ವ ನನ್ನ ಹಿಂದೆ ಚೀಲದ ಪಕ್ಕ ನಿಂತಿದ್ದಳು. ಪರಗಂಡಸರ ಎದುರು ಅವಳು ಮಾತಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ. ಮನೆಗೆ ಲೈನ್‌ಮನ್ ಬಂದರೂ ನನ್ನ ಬಾಯಲ್ಲಿ ಹೇಳಿಸುತ್ತಿದ್ದಳು. ಈಗ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಪೊಲೀಸ್ ಠಾಣೆ ಎಲ್ಲೈತ್ರಿ ಅಣ್ಣಾರ?"

"ಯಾಕಮ್ಮಾ?"

"ನಿಮಗ ಅವರ ಅಂಜಿಕಿ ಅಂದ್ರಲ್ಲ. ಅವರನ್ನ ಕೇಳಿ ಬರ್ತೀನಿ. ತಾಯಿ ಮಗಳು ಜಳಕಾ ಮಾಡಾಕ ಒಬ್ಬ ಗಂಡಸು ಬೇಕೇನ್ರಿ ಅಂತ ಕೇಳ್ತೀನಿ. ನೀವೂ ಬರ್ರಿ."

ಹೇಳಿದವಳೇ ಚೀಲ ಎತ್ತಿಕೊಂಡು ರಸ್ತೆಗೆ ಇಳಿದೇಬಿಟ್ಟಳು. ಚಹಾ ಕುಡಿಯುತ್ತಿದ್ದವರು ಗೊಳ್ಳೆಂದು ನಕ್ಕರು. ಮ್ಯಾನೇಜರ್ ಮೇಜು ಬಿಟ್ಟು ಓಡಿಬಂದ. "ಬನ್ನಿ ತಾಯಿ, ಬನ್ನಿ, ಬೀದಿಲಿ ಮಾನ ಕಳೀಬೇಡಿ." ಪುಸ್ತಕ ತೆಗೆದು ಯಾರ ಹೆಸರು ಬರೆಯಲಿ ಎಂದು ಕೇಳಿದಾಗ ಅವ್ವ ತನ್ನ ಹೆಸರು ಹೇಳಿದಳು, ಗಟ್ಟಿಯಾಗಿ, ಊರಿನ ಸಮೇತ.

ನಾನು ಹತ್ತಕ್ಕೆ ಐದು ನಿಮಿಷ ಇರುವಾಗ ಆಫೀಸು ಮುಟ್ಟಿದೆ. ಆ ಕೆಲಸ ನನಗೆ ಸಿಗಲಿಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಸಿಕ್ಕಿದ್ದು ಮರುವರ್ಷ, ಬೇರೆ ಕಡೆ. ಆದರೆ ಆ ಮಧ್ಯಾಹ್ನ ನನಗೆ ಅದೇನೂ ಗೊತ್ತಿರಲಿಲ್ಲ. ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಹೇಳಿದ್ದೆ, ಹಾರಾಡುತ್ತ ವಾಪಸು ಬಂದೆ. ನೋಡಿದರೆ ರೂಮಿಗೆ ಬೀಗ.

"ಅಗಳಿ ಹಾಕ್ಕೊಂಡ ಕುಂದ್ರು, ಯಾರು ಬಡದ್ರೂ ತಗೀಬ್ಯಾಡ" ಎಂದು ನಾನೇ ಅವಳಿಗೆ ಅಪ್ಪನ ಹಾಗೆ ಬುದ್ಧಿ ಹೇಳಿ ಹೋಗಿದ್ದೆ. ಮ್ಯಾನೇಜರ್ ನಗುತ್ತ ಕೈಚೆಲ್ಲಿದ: "ನೀವು ಹೋದ ಹಿಂದೆಯೇ ಹೋದ್ರಮ್ಮ." ಅಷ್ಟು ದೊಡ್ಡ ಊರಲ್ಲಿ ಎಲ್ಲಿ ಹುಡುಕುವುದು! ಬಾಗಿಲಲ್ಲೇ ಒಳಗೂ ಹೊರಗೂ ಮಾಡುತ್ತ ಒಂದು ತಾಸು ಕಳೆದೆ.

ಅವ್ವ ಬಂದಳು. ತಲೆಗೂದಲು ಗಾಳಿಗೆ ಕೆದರಿತ್ತು, ಮುಖ ಕೆಂಪಾಗಿತ್ತು. ನಾನು ಬಯ್ಯಲು ಬಾಯಿ ತೆರೆಯುವ ಮೊದಲೇ ನನ್ನ ಕೈ ಹಿಡಿದುಕೊಂಡಳು.

"ಮಾಳಿಗಿ ಬಸ್ಸು ಐತಲ್ಲ, ಅದನ್ನ ಹತ್ತಿದ್ದೆ. ಮ್ಯಾಲ, ಎಲ್ಲಾರಕಿಂತ ಮುಂದ ಕುಂತಿದ್ದೆ. ಅದು ಹೋದಲ್ಲಿ ಹೋದೆ, ಮತ್ತ ಅದರಾಗ ಬಂದೆ. ಗಿಡದ ಟೊಂಗಿ ಮುಖಕ್ಕ ಬಡದಂಗ ಆಗ್ತದ, ಆದ್ರ ಬಡಿಯಂಗಿಲ್ಲ!"

ನಲವತ್ತೆರಡು ವರ್ಷದ ಹೆಂಗಸು. ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು. ಒಂದು ತಿಂಗಳಿನಿಂದ ನನ್ನ ಇಂಟರ್‌ವ್ಯೂ, ನನ್ನ ಬೆಂಗಳೂರು ಎಂದು ಕುಣಿದಿದ್ದೆನಲ್ಲ, ಅವಳಿಗೂ ಆ ಊರನ್ನು ನೋಡುವ ಆಸೆ ಇರಬಹುದೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ನಾಚಿಕೆಯಾಯಿತು.

ಊರಿಗೆ ರೈಲು ಅಂದು ರಾತ್ರಿಗಿತ್ತು. ನಾನು ಬಟ್ಟೆ ಮಡಚತೊಡಗಿದೆ. ಅವ್ವ ಮಂಚದ ಮೇಲೆ ಕೂತು ಕಾಲು ನೀಡಿಕೊಂಡಳು.

"ಇರಲಿ ಬಿಡು. ನಾಳೀಗೂ ರೂಮು ಬರ್ಕೋರಿ ಅಂತ ಹೇಳೇನಿ."