ಪದವಿನ ನಡುವೆ ಎದ್ದ ಬೇಲಿ

ನಾನು ಲಂಗ ಎತ್ತಿ ಹಿಡಿದು ಕುಕ್ಕುಂದೂರಿನ ಪದವಿನಲ್ಲಿ ಓಡುತ್ತಿದ್ದ ಕಾಲ ಅದು. ಮುರಕಲ್ಲಿನ ಆ ಹುಲ್ಲುಬಯಲು ಅರ್ಧ ನಮ್ಮದು, ಅರ್ಧ ಪಕ್ಕದ ಬ್ಯಾರಿ ಮನೆಯ ಆಸ್ಯಮ್ಮನದು. ದನಗಳಿಗೆ ಮಾತ್ರ ಆ ಗಡಿ ಗೊತ್ತಿರಲಿಲ್ಲ.

ಮೊದಲ ಮಳೆಗೆ ನೆಲ ಮೆತ್ತಗಾದ ಕೂಡಲೇ ಎರಡು ಮನೆಯವರೂ ಸೇರಿ ಕಳೆ ಕೀಳುವುದು ಪದ್ಧತಿ. ಮುಖ್ಯವಾಗಿ ಕಮ್ಯುನಿಸ್ಟ್ ಗಿಡ. ದನ ಅದನ್ನು ಮೂಸುವುದೂ ಇಲ್ಲ, ಬಿಟ್ಟರೆ ಅದು ಹುಲ್ಲನ್ನು ಏಳಗೊಡುವುದೂ ಇಲ್ಲ. ಎಷ್ಟು ತೊಳೆದರೂ ಕೈಯಿಂದ ಅದರ ಘಾಟು ಹೋಗುತ್ತಿರಲಿಲ್ಲ. ಅದೇ ಕೈಯಲ್ಲಿ ನಾನೂ ಆಸ್ಯಮ್ಮನ ಮಗಳು ಜೊಹರಾಳೂ ಅವರ ಮನೆಯ ಅಕ್ಕಿರೊಟ್ಟಿ, ತೆಂಗಿನಹಾಲಿಗೆ ಅದ್ದಿದ ಪತ್ತಿರ್ ತಿನ್ನುತ್ತಿದ್ದೆವು. ಕಾನ್ವೆಂಟಿನಲ್ಲಿ ಒಂದೇ ಬೆಂಚು, ಬೆಸ್ಟ್ ಫ್ರೆಂಡ್ಸ್.

ಒಂದು ವರ್ಷ ಮಳೆ ಹಿಡಿದದ್ದೇ ತಡ, ನಮ್ಮ ಅರ್ಧದಲ್ಲಿ ಮಾತ್ರ ಆ ಗಿಡ ದಟ್ಟವಾಗಿ ಎದ್ದಿತು. ಅವರ ಕಡೆ ಚಂದದ ಹುಲ್ಲು. ಅಜ್ಜಿ ಸೊಂಟಕ್ಕೆ ಕೈ ಕೊಟ್ಟು ನಿಂತರು.

"ಇದು ತಾನಾಗಿ ಬಂದದ್ದಲ್ಲ."

"ಬೀಜ ಗಾಳಿಯಲ್ಲಿ ಹಾರ್ತದೆ ಅಜ್ಜಿ. ಸೈನ್ಸ್ ಕ್ಲಾಸಲ್ಲಿ ಸಿಸ್ಟರ್ ಹೇಳಿದ್ದಾರೆ."

"ಹಾರಿದ್ದು ನಮ್ಮಲ್ಲಿ ಮಾತ್ರ ಇಳಿಯಲಿಕ್ಕೆ ಇಲ್ಲಿ ಎಂತ, ಬಸ್‌ಸ್ಟ್ಯಾಂಡ್ ಉಂಟಾ?"

ಅಂದಿನಿಂದ ಅಜ್ಜಿಗೆ ಎಲ್ಲವೂ ಪ್ರೂಫ್. ಆಸ್ಯಮ್ಮ ಅಂಗಳದಲ್ಲಿ ಚಾಪೆ ಕೊಡವಿದರೆ ಬೀಜ ಕೊಡವಿದ್ದು. ನಕ್ಕರೆ ನಮ್ಮನ್ನು ನೋಡಿ ನಕ್ಕದ್ದು. ಜೊಹರಾ ತಂದ ಪತ್ತಿರನ್ನು ಅಜ್ಜಿ ತಿರುಗಿಸಿ ತಿರುಗಿಸಿ ನೋಡಿ ನಾಯಿಗೆ ಹಾಕಿದರು.

ಒಂದು ಬೆಳಿಗ್ಗೆ ಆಸ್ಯಮ್ಮನೇ ಬಂದರು. "ಅಕ್ಕ, ಕೀಳುವುದು ಯಾವತ್ತು?"

"ಹಾಕಿದವರೇ ಕೀಳಲಿ."

"ಎಂತ ಹೇಳ್ತಿದ್ದೀರಿ ಅಕ್ಕ? ನಮ್ಮ ದನವೂ ಅಲ್ಲಿಯೇ ಮೇಯುವುದಲ್ವಾ?"

ಅಜ್ಜಿ ಒಳಗೆ ಹೋದರು. ಮರುದಿನ ಪದವಿನ ನಡುವೆ ಮುಳ್ಳಿನ ಬೇಲಿ ಎದ್ದಿತು.

ನಮ್ಮ ಕಡೆಯ ಕಳೆ ಕೀಳಲು ಮಾವ ಒಬ್ಬರೇ ಇಳಿದರು. ಮಧ್ಯಾಹ್ನ ಬೆನ್ನು ಹಿಡಿದುಕೊಂಡು ಬಂದು ಜಗಲಿಯಲ್ಲಿ ಕೂತರು. "ಅಮ್ಮ, ಗಿಡ ಎಲ್ಲ ಕಡೆ ಇಲ್ಲ. ವೃತ್ತ ವೃತ್ತವಾಗಿ ಉಂಟು. ನಾವು ಗೊಬ್ಬರದ ಬುಟ್ಟಿ ಕವುಚಿದ ಜಾಗದಲ್ಲಿ ಮಾತ್ರ."

ಹುಲ್ಲು ಚೆನ್ನಾಗಿ ಬರಲಿ ಎಂದು ಆ ಬೇಸಿಗೆಯಲ್ಲಿ ಅಜ್ಜಿಯೇ ಮೊದಲ ಸಲ ಪದವಿಗೆ ಹಟ್ಟಿಗೊಬ್ಬರ ಹಾಕಿಸಿದ್ದರು. ಹಟ್ಟಿಯಲ್ಲಿ ದನಗಳ ಕಾಲಡಿಗೆ ಹಾಸಲು ಆ ಸಲ ಕಾಡಿನ ಸೊಪ್ಪು ಸಾಲದೆ, ಹೂ ಬಿಟ್ಟು ಒಣಗಿದ ಕಮ್ಯುನಿಸ್ಟ್ ಗಿಡವನ್ನೇ ಕಡಿದು ತಂದಿದ್ದೆವು. ಬೀಜ ಸಗಣಿಯೊಟ್ಟಿಗೆ ಗೊಬ್ಬರವಾಗಿ ಪದವು ಸೇರಿತ್ತು.

ಅಜ್ಜಿ ಕವಳ ಜಗಿಯುವುದನ್ನು ನಿಲ್ಲಿಸಿದರು. ಈಗ ಬೇಲಿ ತೆಗೆಸುತ್ತಾರೆ ಎಂದು ನಾನು ಎಣಿಸಿದೆ.

"ನಮ್ಮ ಹಟ್ಟಿಗೆ ಬೀಗ ಉಂಟಾ?" ಎಂದರು. "ಯಾರು ಬಂದು ಎಂತ ಹಾಕಿ ಹೋಗಿದ್ದಾರೋ."

ಬೇಲಿ ಹಾಗೆಯೇ ಉಳಿಯಿತು. ಅರ್ಧ ಪದವು ಸಾಲದೆ ಆಸ್ಯಮ್ಮ ದನಗಳನ್ನು ಮಾರಿದರು. ಜೊಹರಾ ಬೆಂಚು ಬದಲಿಸಿದಳು. ಮುಂದಿನ ವರ್ಷ ಅವರು ಕಾಪುವಿಗೆ ಹೋಗಿಬಿಟ್ಟರು.

ಈಗ ಆ ಪದವೆಲ್ಲ ಸೈಟು. ಕಂಪೌಂಡ್ ಗೋಡೆಗಳ ನಡುವೆ ಕಮ್ಯುನಿಸ್ಟ್ ಗಿಡ ತಲೆಯೆತ್ತರ ಬೆಳೆದಿದೆ. ಕೀಳಬೇಕೆನ್ನುವವರಿಲ್ಲ, ಮೇಯುವ ದನವೂ ಇಲ್ಲ. ಹೋದ ತಿಂಗಳು ಉಡುಪಿಯ ಒಂದು ಮದುವೆಯಲ್ಲಿ ಯಾರೋ ಜೊಹರಾಳ ನಂಬರ್ ಕೊಟ್ಟರು. ಮೊಬೈಲ್ ಕೈಗೆತ್ತಿಕೊಳ್ಳುತ್ತೇನೆ, ಮತ್ತೆ ಇಡುತ್ತೇನೆ. ಇಷ್ಟು ವರ್ಷದ ಮೇಲೆ ಇವಳಿಗೆ ನನ್ನಿಂದ ಎಂತ ಬೇಕಾಯಿತಪ್ಪಾ ಎಂದು ಅವಳಿಗೆ ಅನ್ನಿಸಿದರೆ?