ತಂಗಿಯನ್ನು ಕರೆಯಲು ಬಂದ ಸವಾರ

ನನ್ನ ಅಣ್ಣ ಕುದುರೆಯ ಮೇಲಿದ್ದರೆ ಅವನನ್ನು ಹಿಡಿಯುವವರಿಲ್ಲ ಎಂದು ನಮ್ಮ ಸೀಮೆಯೆಲ್ಲ ಮಾತಾಡುತ್ತಿತ್ತು. ಅದು ಖರೆಯೇ ಆಗಿತ್ತು. ಮೊದಲನೆಯ ದೊಡ್ಡ ಯುದ್ಧದಲ್ಲಿ ಸರಕಾರದ ಕುದುರೆ ಪಡೆಯಲ್ಲಿ ದಫೇದಾರನಾಗಿದ್ದವನು, ಆಮೇಲೆ ಊರಿಗೆ ಬಂದು ಜೋಳ ಬಿತ್ತಿಕೊಂಡಿದ್ದ. ಇಂಗ್ರೇಜರ ವಿರುದ್ಧ ಚಳವಳಿ ಹೊತ್ತಿಕೊಂಡಾಗ ಅದೇ ಸರಕಾರಕ್ಕೆ ತಿರುಗಿ ನಿಂತ. ಮಸಗುಪ್ಪಿ, ಮೂಡಲಗಿ ಕಡೆಯ ಒಕ್ಕಲುತನದವರನ್ನು ಕೂಡಿಸಿ, ಸಂತೆಗೆ ಚೀಲ ಹೊರುವ ತಟ್ಟುಗುದುರೆಗಳ ಮೇಲೆ ಕೂರಿಸಿ, ಅದನ್ನೇ ಒಂದು ದಂಡು ಮಾಡಿದ.

ಯಮಕನಮರಡಿಯ ರಸ್ತೆಯಲ್ಲಿ ಹಾಡಹಗಲೇ ಟಪಾಲಿನ ಗಾಡಿ ನಿಲ್ಲಿಸಿ ಚೀಲ ಒಯ್ದರು. ಹುಕ್ಕೇರಿಗೆ ಹೋಗುವ ತಂತಿ ಕತ್ತರಿಸಿದರು. ಒಮ್ಮೆ ಪೊಲೀಸರು ಬೆನ್ನು ಹತ್ತಿದಾಗ ಅಣ್ಣ ತುಂಬಿ ಹರಿಯುವ ಘಟಪ್ರಭೆಗೆ ಕುದುರೆ ಇಳಿಸಿ, ಜೂಲು ಹಿಡಿದು ಈಜಿ, ಆಚೆ ದಂಡೆಯಲ್ಲಿ ನಿಂತು ರುಮಾಲು ಹಿಂಡಿಕೊಳ್ಳುತ್ತಿದ್ದನಂತೆ. ಜನ ಇದಕ್ಕೆಲ್ಲ ಉಪ್ಪು ಖಾರ ಹಚ್ಚಿ ಹೇಳುತ್ತಿದ್ದರು. ಕೇಳಿದಾಗ ನನಗೆ ಹೆಮ್ಮೆಯಾಗುತ್ತಿತ್ತು, ಆದರೆ ಅದನ್ನು ಯಾರ ಮುಂದೆಯೂ ತೋರಿಸಿಕೊಳ್ಳುವಂತಿರಲಿಲ್ಲ.

ಯಾಕೆಂದರೆ ನನ್ನ ಗಂಡ ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯ ಪೊಲೀಸ್ ಪಾಟೀಲ. ಅಣ್ಣನ ದಂಡು ಸುಡುತ್ತಿದ್ದಂಥ ಸರಕಾರಿ ಚಾವಡಿಯನ್ನು ಕಾಯುವ ಕೆಲಸ ಅವರದು. ಇಂಗ್ರೇಜ ಎನ್ನುವವನನ್ನು ನಾನು ಕಣ್ಣಿಂದ ಕಂಡವಳಲ್ಲ. ಹೊಡೆದವರೂ ಹೊಡೆಸಿಕೊಂಡವರೂ ನಮ್ಮವರೇ, ಒಬ್ಬರ ಮನೆಯ ಮದುವೆಯಲ್ಲಿ ಇನ್ನೊಬ್ಬರು ಹೋಳಿಗೆ ಉಂಡವರೇ. ಆ ವರ್ಷ ಊರಲ್ಲಿ ಒಲೆ ಹೊತ್ತಿಸಲು ಬಾಜೂ ಮನೆಗೆ ಕೆಂಡ ಕೊಡುವುದೂ ನಿಂತಿತು.

ಶ್ರಾವಣ ಬಂತು, ಪಂಚಮಿ ಹತ್ತಿರವಾಯಿತು. ನಮ್ಮ ಕಡೆ ಆ ಹಬ್ಬಕ್ಕೆ ಅಣ್ಣನಾದವನು ಬಂದು ತಂಗಿಯನ್ನು ತವರಿಗೆ ಕರೆದುಕೊಂಡು ಹೋಗಬೇಕು. ನನ್ನಣ್ಣ ಒಂದು ವರ್ಷವೂ ತಪ್ಪಿಸಿದವನಲ್ಲ. ಇದು ಪೊಲೀಸ್ ಠಾಣೆಯ ಫೌಜದಾರನಿಗೂ ಗೊತ್ತಿತ್ತು. ಅವನು ನಾಲ್ವರು ಸವಾರರನ್ನು ತಂದು ನಮ್ಮ ದನದ ಕೊಟ್ಟಿಗೆಯಲ್ಲಿ ಕೂರಿಸಿದ. ನಾನು ಕಟ್ಟಿದ ಶೇಂಗಾ ಉಂಡಿ ತಿಂದು ಅವರು "ಭಾಳ ಛಲೋ ಆಗ್ಯಾವ್ರಿ ಅಕ್ಕಾರ" ಎನ್ನುವರು. ಬಾಯಲ್ಲಿ ಅಕ್ಕಾರು, ತೊಡೆಯ ಮೇಲೆ ಬಂದೂಕು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಣ್ಣ ಬರದಂತೆ ಮಾಡಲು ಒಂದೇ ದಾರಿ ಕಂಡಿತು. ಅವನು ಬರುವ ಮೊದಲೇ ನಾನೇ ತವರಿಗೆ ಹೊರಟುಬಿಡುವುದು. ಕರೆಯದೆ ಹೋದವಳು ಎಂದು ನಾಲ್ಕು ಮಂದಿ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಗಂಡನ ಮುಂದೆ ಹೆದರುತ್ತಲೇ ಹೇಳಿದೆ.

"ಹೋಗಿ ಬಾ. ಬಂಡಿ ಹೂಡಸ್ತೇನಿ" ಎಂದರು. "ಸಣ್ಣವಗ ನೆಗಡಿ ಆಗೇತಿ, ಹುಡುಗ್ರು ಇಬ್ರೂ ಇಲ್ಲೇ ಇರ್ಲಿ."

ಅಷ್ಟು ಸುಲಭವಾಗಿ ಒಪ್ಪಿದ್ದಕ್ಕೆ ನನಗೆ ಅವರ ಮೇಲೆ ಪ್ರೀತಿ ಉಕ್ಕಿತು. ನಸುಕಿನಲ್ಲಿ ಆಳುಮಗನ ಜೊತೆ ಬಂಡಿಯಲ್ಲಿ ಹೊರಟೆ.

ಗೋಕಾಕ ದಾಟಿ ಒಂದಿಷ್ಟು ದೂರ ಬಂದಿದ್ದೆವು. ಜೋಳದ ಹೊಲದಿಂದ ಅಣ್ಣನ ಕಂದು ಕುದುರೆ ಹೊರಬಂದು ಬಂಡಿಯ ಮುಂದೆ ನಿಂತಿತು. ಪೇಟೆಯಲ್ಲಿ ನನ್ನನ್ನು ಕಂಡವರು ಯಾರೋ ಅಣ್ಣನಿಗೆ ಸುದ್ದಿ ಮುಟ್ಟಿಸಿದ್ದರು.

"ಕರೀದನ ಹೊಂಟೀಯಲ್ಲ ತಂಗಿ, ನಾ ಸತ್ತೇನಂತ ತಿಳದಿ ಏನ?"

"ಯಣ್ಣಾ, ಮನ್ಯಾಗ ಪೊಲೀಸರು ಕುಂತಾರ. ನೀ ಬರಬಾರದಂತನ ನಾ ಹೊಂಟೇನಿ. ಹೋಗಿಬಿಡೋ."

ಅವನು ಹಿಂದೆ ಕಣ್ಣು ಹಾಯಿಸಿ ನಕ್ಕ. "ಅಲ್ಲಿ ಎಲ್ಲಿ ಕುಂತಾರ? ಆಗಿಂದ ನಿನ್ನ ಬೆನ್ನಿಗೇ ಬರಾಕತ್ತಾರ."

ತಿರುಗಿ ನೋಡಿದೆ. ದೂರದ ದಿಬ್ಬದ ಮೇಲೆ ನಾಲ್ಕು ಕುದುರೆ ನಿಂತಿದ್ದವು. ಮಕ್ಕಳನ್ನು ಯಾಕೆ ಮನೆಯಲ್ಲಿಟ್ಟುಕೊಂಡರು ಎಂಬುದು ಆಗ ತಿಳಿಯಿತು. ಗುಂಡು ಹಾರಬಹುದು ಎಂದು ನನ್ನ ಗಂಡನಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನು ಕಳಿಸಿದ್ದರು.

ಅಣ್ಣ ಹೋಗಲಿಲ್ಲ. ಆ ಕುದುರೆಗಳು ದಣಿದಿವೆ, ತನ್ನನ್ನು ಮುಟ್ಟಲಾರವು ಎಂದು ಹೇಳಿ ಬಂಡಿಯ ಮುಂದೆ ನಡೆದ. ಮೋಡ ಕವಿದಿತ್ತು. ಹಿಂದಿನವರು ಹತ್ತಿರವೂ ಬರಲಿಲ್ಲ, ದೂರವೂ ಉಳಿಯಲಿಲ್ಲ. ದನ ಹೊಡೆದುಕೊಂಡು ಬಂದ ಹಾಗೆ ಬರುತ್ತಿದ್ದರು. ತವರೂರು ಮಸಗುಪ್ಪಿ ಮುಟ್ಟುವವರೆಗೆ ನಾನು ಒಂದು ಗುಟುಕು ನೀರು ನುಂಗಲಿಲ್ಲ.

ಅವ್ವ ತಂಬಿಗೆಯಲ್ಲಿ ನೀರು ಹಿಡಿದು ಬಾಗಿಲಿಗೆ ಬಂದಳು. ಅಣ್ಣ ಇಳಿಯಬಾರದು ಎಂದು ನಾನೇ ಬಂಡಿಯಿಂದ ಜಿಗಿದು ಗಂಟು ಎತ್ತಿಕೊಂಡು ಬಾಗಿಲಿಗೆ ಓಡಿದೆ. "ನಾ ಮುಟ್ಟಿದೆ, ನೀ ಹೋಗೋ" ಎಂದು ಕೂಗಿದೆ.

ಅವನಿಗೆ ಸಿಟ್ಟು ಬಂತು. "ಅಣ್ಣ ಇದ್ದೂ ಒಬ್ಬಾಕಿನ ಹೊಸ್ತಲಾ ದಾಟತೀ? ಮಂದಿ ಏನ ಅಂದಾರು? ತಡಿ."

ಇಳಿದ. ನನ್ನ ಕೈಯಿಂದ ಗಂಟು ಇಸಿದುಕೊಂಡು ಕಂಕುಳಲ್ಲಿಟ್ಟು, ಕಾಲಿಗೆ ನೀರು ಹಾಕಿಸಿಕೊಳ್ಳಲು ಅವ್ವನ ಮುಂದೆ ಕಾಲು ನೀಡಿದ. ಬೆನ್ನಿಗಿದ್ದ ನಾಲ್ವರನ್ನಷ್ಟೇ ಅವನು ಲೆಕ್ಕಕ್ಕೆ ಹಿಡಿದಿದ್ದ. ಹಿತ್ತಲ ಬಣವೆಯ ಹಿಂದೆ ಮುಂಜಾನೆಯಿಂದ ಅಡಗಿದ್ದ ಪೊಲೀಸರು ಅವನ ಲೆಕ್ಕದಲ್ಲಿ ಇರಲಿಲ್ಲ. ಮೊದಲ ಲಾಠಿ ಮೊಣಕಾಲಿಗೆ ಬಿತ್ತು. ಗಂಟು ಬಿಚ್ಚಿ ಉಂಡಿಗಳು ಕೆಸರಲ್ಲಿ ಉರುಳಿದವು. ಅವನದೇ ರುಮಾಲಿನಿಂದ ಅವನ ಕೈ ಕಟ್ಟಿದರು. ಎಳೆದೊಯ್ಯುವಾಗ ನನ್ನ ಕಡೆ ತಿರುಗಿ, "ಒಳಗ ನಡಿ ತಂಗಿ, ಬಾಗಲದಾಗ ನಿಂದ್ರಬ್ಯಾಡ" ಎಂದ.

ಹಬ್ಬ ಮುಗಿದ ಮೇಲೆ ಗಂಡ ಕರೆಯಲು ಬಂದರು. ಮಕ್ಕಳಿದ್ದವು, ಹೋದೆ.

ಅಣ್ಣ ಜೈಲಿನಲ್ಲೇ ಜ್ವರ ಬಂದು ತೀರಿಕೊಂಡ. ಆ ಸುದ್ದಿ ನನ್ನ ಗಂಡನ ಚಾವಡಿಗೇ ಬಂತು. ಅವರು ಮನೆಗೆ ಬಂದು ಹೇಳಿದರು, ಆಮೇಲೆ ಎಂದಿನಂತೆ ಊಟಕ್ಕೆ ಕೂತರು. ನಾನು ರೊಟ್ಟಿ ಹಾಕಿದೆ. ಮುರಿದ ತುತ್ತು ಕೈಯಲ್ಲೇ ಹಿಡಿದು ಅವರು ಬಿಕ್ಕಿ ಬಿಕ್ಕಿ ಅತ್ತರು. "ಕಾಲಿಗಿ ಹೊಡೀರಿ, ಜೀವಾ ತಗೀಬ್ಯಾಡ್ರಿ ಅಂತ ನಾನ ಹೇಳಿದ್ದೆ" ಎಂದರು.

ಸಮಾಧಾನ ಮಾಡಲು ನನಗೆ ಮನಸ್ಸಾಗಲಿಲ್ಲ. ಒಲೆಯ ಮುಂದಿನಿಂದ ಏಳದೆ, "ಇನ್ನೊಂದು ರೊಟ್ಟಿ ಹಾಕಲೇನ್ರಿ?" ಎಂದು ಕೇಳಿದೆ.